ರಾಡಿನ ಮೇಲಿನ ಗೆರೆಗಳು

ದೇವರು ಎಲ್ಲರಿಗೂ ಕಾಲು ಕೊಟ್ಟ, ಆದರೆ ಒಂದೇ ಅಳತೆಯಲ್ಲಿ ಕೊಡಲಿಲ್ಲ. ಯಾಕೆ ಕೊಡಲಿಲ್ಲವೋ ಅವನೇ ಬಲ್ಲ. ಆ ಮನೆಯ ಸೊಸೆಯ ಪಾದ ಚಿಕ್ಕದು. ಗಂಡನದು ದೊಡ್ಡದು, ಅದರ ಮೇಲೆ ದಪ್ಪ ಬೂಟು ಬೇರೆ. ಸರಕು ಹಡಗಿನಲ್ಲಿ ಎಂಜಿನ್ ಕೆಲಸ ಸಿಕ್ಕಿ ಹೊರಟಾಗ ಅವನು ತನ್ನ ಮೋಟಾರ್ ಸೈಕಲ್ಲಿನ ಬೀಗದ ಕೈಯನ್ನು ಹೆಂಡತಿಯ ಕೈಗಿಟ್ಟು ಹೋಗಿದ್ದ. ಗೇರ್ ಪೆಡಲ್ ಮಾತ್ರ ಅವನ ಬೂಟಿನ ಎತ್ತರಕ್ಕೇ ನಿಂತಿತ್ತು.

ಅವಳದು ಮನೆಮನೆಗೆ ಹೋಗಿ ಪರೀಕ್ಷೆಗೆಂದು ರಕ್ತ ತೆಗೆದು ಲ್ಯಾಬಿಗೆ ಮುಟ್ಟಿಸುವ ಕೆಲಸ. ಗೇರು ಬದಲಿಸಬೇಕಾದಾಗಲೆಲ್ಲ ಕಾಲನ್ನು ಪೂರ್ತಿ ಎತ್ತಿ ಒತ್ತಬೇಕಾಗುತ್ತಿತ್ತು. ಕಷ್ಟ ಎಂದು ಒಂದು ದಿನವೂ ಬಾಯಿಬಿಡಲಿಲ್ಲ. ಆ ಎತ್ತರಕ್ಕೆ ಪಾದ ತಾಗಿದಾಗಲೆಲ್ಲ, ಅವನ ಕಾಲು ಇಲ್ಲೇ ಇತ್ತಲ್ಲ ಅನ್ನಿಸುತ್ತಿತ್ತು. ಫೋನಿನಲ್ಲಿ ಅವನ ದನಿ ಬರುತ್ತಿತ್ತು, "ಇದೊಂದು ಸಲ ಹೋಗಿ ಬಂದ್ಬಿಡ್ತೀನಿ" ಎಂಬ ಮಾತೂ ಬರುತ್ತಿತ್ತು. ಅವನು ಮಾತ್ರ ಬರುತ್ತಿರಲಿಲ್ಲ.

ಈಚೆಗೆ ಪೆಡಲ್ ಲೊಟಲೊಟ ಅಲ್ಲಾಡತೊಡಗಿತ್ತು. ಪೆಡಲಿನಿಂದ ಗೇರ್ ಪೆಟ್ಟಿಗೆಗೆ ಹೋಗುವ ಸಣ್ಣ ರಾಡು ಸಡಿಲವಾಗಿತ್ತು. ಮಾವನಿಗೆ ಹೇಳಬಹುದಿತ್ತು, ಜೀವಮಾನವೆಲ್ಲ ಬೈಕ್ ರಿಪೇರಿ ಮಾಡಿದವರು. ಆದರೆ ಮಾವ ಮುಟ್ಟಿದರೆ ಪೆಡಲನ್ನು ಸೊಸೆಯ ಚಿಕ್ಕ ಪಾದದ ಮಟ್ಟಕ್ಕೆ ಇಳಿಸಿಯೇ ಬಿಡುತ್ತಾರೆಂದು ಅವಳ ಭಯ. ಹಾಗಾಗಿ ದಿನಾ ಹೊರಡುವ ಮೊದಲು ತಾನೇ ಸ್ಪ್ಯಾನರ್ ಹಿಡಿದು, ರಾಡಿನ ತುದಿಯ ನಟ್ಟನ್ನು ಬಲಕ್ಕೊಂದಿಷ್ಟು ತಿರುಗಿಸಿ, "ಸ್ವಾಮೀ, ಇವತ್ತೊಂದು ದಿನ ನಿಲ್ಲಿಸಪ್ಪಾ" ಎಂದು ಬೇಡಿಕೊಳ್ಳುತ್ತಿದ್ದಳು.

ಒಂದು ದಿನ ಸ್ವಾಮಿ ಬೈಕನ್ನೇ ನಿಲ್ಲಿಸಿಬಿಟ್ಟ. ಏರಿನ ನಟ್ಟನಡುವೆ ರಾಡು ಕಳಚಿ ಪೆಡಲ್ ಜೋತುಬಿತ್ತು. ಹಿಂದಿದ್ದ ಲಾರಿ ಕಿರ್ರೆಂದು ಬ್ರೇಕ್ ಹಾಕಿ, ಗೇಣು ದೂರದಲ್ಲಿ ನಿಂತಿತು. ರಕ್ತದ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಸ್ಸು ಹತ್ತಿ ಲ್ಯಾಬಿಗೆ ಮುಟ್ಟಿಸಿ, ತಿರುಗಿ ಬಂದು ಗಾಡಿ ತಳ್ಳಿಕೊಂಡು ಮನೆ ಸೇರಿದಳು.

ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಏನೇ ಇದು? ಗಾಡಿ ನಿನ್ನ ಕರ್ಕೊಂಡು ಬರ್ಬೇಕೋ, ನೀನು ಗಾಡೀನ ಕರ್ಕೊಂಡು ಬರ್ಬೇಕೋ?"

ಮಾವ ಮಣೆ ಎಳೆದುಕೊಂಡು ಗಾಡಿಯ ಪಕ್ಕ ಕೂತರು. ರಾಡನ್ನು ಬೆಳಕಿಗೆ ಹಿಡಿದರು.

"ಈ ನಟ್ಟು ಯಾರಮ್ಮ ಮುಟ್ಟಿದ್ದು?"

"ನಾನೇ ಮಾವ. ದಿನಾ ಬಿಗಿ ಮಾಡ್ತಿದ್ದೆ."

"ಯಾವ ಕಡೆಗೆ?"

"ಬಲಕ್ಕೆ."

ಮಾವ ನಕ್ಕರು. "ಈ ತುದೀದು ಉಲ್ಟಾ ಥ್ರೆಡ್ಡು ತಾಯಿ. ಎಡಕ್ಕೆ ತಿರುಗಿಸಿದ್ರೆ ಬಿಗಿ, ಬಲಕ್ಕೆ ಸಡಿಲ. ದಿನಾ ಬೆಳಿಗ್ಗೆ ಎದ್ದು ಭಕ್ತಿಯಿಂದ ಬಿಚ್ಚಿದ್ದೀಯ!"

"ಈ ಮನೇಲಿ ಯಾವುದು ಸೀದಾ ಇದೆ ಹೇಳಿ, ನಟ್ಟೊಂದು ಇರೋಕೆ," ಎಂದು ಗೊಣಗಿಕೊಂಡು ಅತ್ತೆ ಒಳಗೆ ಹೋದರು.

ಅವಳಿಗೆ ನಗು ಬರಲಿಲ್ಲ. ಇಷ್ಟು ದಿನ ಬಿಗಿಹಿಡಿದಿದ್ದೇನೆ ಎಂದುಕೊಂಡದ್ದನ್ನು ಕೈಯಾರೆ ಬಿಡಿಸುತ್ತ ಬಂದಿದ್ದಳು.

ಮಾವ ಸವೆದ ಕೀಲು ತೆಗೆದು ಹೊಸದು ಹಾಕಿದರು, ಗ್ರೀಸ್ ಸವರಿದರು. "ಹತ್ತಿ ಕೂತ್ಕೋ. ಕಾಲಿಡು, ಎತ್ತರ ನೋಡೋಣ."

"ಮೊದಲಿದ್ದ ಹಾಗೇ ಇರ್ಲಿ ಮಾವ."

"ಅದು ಅವನ ಕಾಲಿಗೆ."

"ಅದಕ್ಕೇ ಹೇಳಿದ್ದು." ಅವಳು ಪೆಡಲಿಗೆ ಕೈ ಅಡ್ಡ ಹಿಡಿದಳು. "ಇಳಿಸಿಬಿಟ್ರೆ, ಇನ್ನು ಬರೋದಿಲ್ಲ ಅಂತ ನಾವೇ ಒಪ್ಪಿಕೊಂಡ ಹಾಗಾಗಲ್ವಾ?"

ಮಾವ ಬಟ್ಟೆಯಿಂದ ರಾಡನ್ನು ನಿಧಾನಕ್ಕೆ ಒರೆಸಿದರು. ಮಸಿ ಹೋದ ಮೇಲೆ ಅದರ ಮೇಲೆ ಕಬ್ಬಿಣ ಉಜ್ಜುವ ಅರದಿಂದ ಗೀಚಿದ ಸಣ್ಣ ಗೆರೆಗಳು ಕಂಡವು.

"ಈ ಗೆರೆ ನೋಡು. ನಟ್ಟು ಇಲ್ಲಿ ನಿಂತ್ರೆ ಅವನ ಬೂಟಿಗೆ ಸರಿ. ಬಂದ ದಿನ, ಅವನ ಚಹಾ ಆರೋದ್ರೊಳಗೆ ತಿರುಗಿಸಿಕೊಡ್ತೀನಿ."

"ಪಕ್ಕದಲ್ಲಿ ಇನ್ನೊಂದಿದೆಯಲ್ಲ ಮಾವ?"

"ಅದು ನಂದು." ಮಾವ ಕತ್ತೆತ್ತಲಿಲ್ಲ. "ಗಾಡಿ ಅವನ ಕೈಗೆ ಕೊಟ್ಟ ದಿನ ಗುರುತು ಹಾಕಿಟ್ಕೊಂಡೆ. ಯಾವತ್ತಾದ್ರೂ ವಾಪಸ್ ಬರತ್ತೆ, ಮತ್ತೆ ಓಡಿಸೋಣ ಅಂತ. ಆಮೇಲೆ ಮೊಣಕಾಲು ಹೋಯ್ತು. ಗೆರೆ ಹೋಗಲಿಲ್ಲ ನೋಡು."

ಅವಳು ಆ ಗೆರೆಯನ್ನು ಹೆಬ್ಬೆರಳಿನಿಂದ ಮುಟ್ಟಿದಳು. ಇಷ್ಟು ವರ್ಷ ಈ ಅಂಗಳದಲ್ಲಿ ಕಾಯುತ್ತಿದ್ದವಳು ತಾನೊಬ್ಬಳೇ ಎಂದುಕೊಂಡಿದ್ದಳು. ಸುಮ್ಮನೆ ಗಾಡಿ ಹತ್ತಿ ಕೂತು ಕಾಲಿಟ್ಟಳು.

ಮಾವ ರಾಡನ್ನು ತಿರುಗಿಸುತ್ತ ಹೋದರು. ಪೆಡಲ್ ಎಳ್ಳಷ್ಟೆಳ್ಳಷ್ಟೇ ಇಳಿಯಿತು.

"ಸಾಕು ಮಾವ. ಇಲ್ಲೇ."

ನಟ್ಟನ್ನು ಅವಳೇ ಬಿಗಿ ಮಾಡಿದಳು, ಈ ಸಲ ಎಡಕ್ಕೆ. ಮಾವ ಅರವನ್ನು ಅವಳತ್ತ ಚಾಚಿದರು. "ನಿಂದೂ ಒಂದು ಹಾಕು."

ಅವಳು ಗೀಚಿದ ಗೆರೆ ಸೊಟ್ಟಗಾಯಿತು.

ಮರುದಿನ ಬೆಳಿಗ್ಗೆ, ಅದೇ ಏರಿನಲ್ಲಿ, ಗೇರು ಇಳಿಸಲೆಂದು ಅವಳ ಕಾಲು ರೂಢಿಯಂತೆ ಹಳೆಯ ಎತ್ತರಕ್ಕೇ ಎದ್ದಿತು. ಅಲ್ಲಿ ಬರಿಯ ಗಾಳಿಯಿತ್ತು. ಒಂದು ಗಳಿಗೆ ಪಾದವನ್ನು ಅಲ್ಲೇ ಹಿಡಿದಳು. ಎಲ್ಲೋ ನೀರಿನ ನಡುವೆ ಇರುವ ಆ ದಪ್ಪ ಬೂಟನ್ನು ದೇವರು ಕಾಯಲಿ ಎಂದುಕೊಂಡು ಕಾಲು ಇಳಿಸಿದಳು. ಗೇರು ಟಕ್ಕೆಂದು ಬಿತ್ತು, ಗಾಡಿ ಏರು ಹತ್ತಿತು.