ಮೊಸರು ಡಬ್ಬಿಯ ಕರಿಬೇವು

ಚಿಗುರು ಮುರುಟಿತ್ತು. ಶೇಖಪ್ಪ ಬಗ್ಗಿ ನೋಡಿದ. ಎಲೆಯ ಬೆನ್ನಿಗೆ ಎಳ್ಳಿಗಿಂತ ಸಣ್ಣ ಕಂದು ಹುಳುಗಳು, ತಲೆ ತಗ್ಗಿಸಿ ಬಾಲ ಎತ್ತಿ ಕೂತಿದ್ದವು. ಧಾರವಾಡದ ಕೃಷಿ ಕಾಲೇಜಿನಲ್ಲಿ ಇವನ್ನು ಸೂಕ್ಷ್ಮದರ್ಶಕದಡಿ ಕಂಡಿದ್ದ. ಕರಿಬೇವಿನಲ್ಲಿ ಹುಟ್ಟಿ ನಿಂಬೆ, ಕಿತ್ತಳೆಗೆ ಹಾರುತ್ತವೆ. ಅವು ಹೊತ್ತು ತರುವ ರೋಗ ಹತ್ತಿದ ತೋಟ ಉಳಿಯುವುದಿಲ್ಲ.

ಆ ಗಿಡವನ್ನು ಹೆಂಡತಿ ಮಲ್ಲವ್ವ ಒದ್ದೆ ಬಟ್ಟೆಯಲ್ಲಿ ಸುತ್ತಿ, ಸೀರೆಗಳ ನಡುವೆ ಬಚ್ಚಿಟ್ಟು ಊರಿನಿಂದ ವಿಮಾನದಲ್ಲಿ ಇಲ್ಲಿಗೆ ತಂದಿದ್ದಳು. ಹೊರದೇಶದ ಗಿಡ ತರಬೇಡಿ ಎಂದು ರೈತರಿಗೆ ಹೇಳುವುದೇ ಸ್ಯಾನ್ ಡಿಯಾಗೊ ಕೌಂಟಿಯ ಕೃಷಿ ಸಲಹೆಗಾರನಾದ ಅವನ ಕೆಲಸ. ಆಗ ಅವನು ಸುಮ್ಮನಿದ್ದ. ಒಗ್ಗರಣೆಯ ವಾಸನೆಗೆ ಸೋತಿದ್ದ.

"ಎರಡು ಎಸಳು ತರ್ರಿ ಅಂದ್ರ ಅಲ್ಲೇ ಧ್ಯಾನಕ್ಕ ಕೂತೀರೇನ?" ಮಲ್ಲವ್ವ ಅಡುಗೆಮನೆಯ ಕಿಟಕಿಯಿಂದ ಕೂಗಿದಳು. "ಸಾಹೇಬ್ರು ಬರೂ ಹೊತ್ತಾತು!"

"ಇದರ ಮರಿ ಯಾರಿಗರೆ ಕೊಟ್ಟೀಯೇನ?"

"ಅರಿಶಿಣ ಕುಂಕುಮಕ್ಕ ಬಂದವ್ರಿಗೆಲ್ಲಾ, ಮೊಸರು ಡಬ್ಬಿ ಒಳಗ. ಲಾಸ್ ಏಂಜಲೀಸ್ ಕಡೆ ಪೋರ್ಟರ್ ರ್ಯಾಂಚಿನ ವತ್ಸಲಾ ಆಂಟಿ ಮನ್ಯಾಗ ಆಳೆತ್ತರ ಆಗೈತಂತ. ಯಾಕ?"

ಅವನು ಚಿಗುರನ್ನು ಚಿವುಟಿ ಬೂಟಿನಡಿ ಹೊಸಕಿದ. ಕೈ ತೊಳೆದ, ಮತ್ತೆ ತೊಳೆದ.

ಲಾಸ್ ಏಂಜಲೀಸಿನಿಂದ ಬರುವವರು ಮೇಲಧಿಕಾರಿ ಹ್ಯಾರಿಸ್. ತೆರಿಗೆ ಇಳಿಸಲು ಜನ ಮತ ಹಾಕಿದ ಮೇಲೆ ಕೌಂಟಿಗಳ ಬೊಕ್ಕಸ ಬರಿದಾಗಿತ್ತು. ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊಗಳ ಕೃಷಿ ಕಚೇರಿಗಳನ್ನು ಒಂದು ಮಾಡಿ, ಒಬ್ಬನೇ ಸಲಹೆಗಾರನನ್ನು ಉಳಿಸುವ ಅಧಿಕಾರ ಅವರದು. ಕೆಲಸ ಹೋದರೆ ಶೇಖಪ್ಪನ ಗ್ರೀನ್ ಕಾರ್ಡೂ ಇಲ್ಲ. ಮೀರಾ ಮೆಸಾದ ಈ ಮನೆ ಬಿಟ್ಟು ಹೊರಡಬೇಕು.

ಊಟದ ನಡುವೆ ಹ್ಯಾರಿಸ್ ಚಮಚ ಕೆಳಗಿಟ್ಟರು.

"ನಿನ್ನನ್ನೇ ಉಳಿಸಿಕೊಂಡಿದ್ದೇನೆ, ಶೇಕ್. ಕೀಟಗಳ ಪ್ರಯೋಗಾಲಯ ಮುಚ್ಚಿತು. ತೋಟ ಸುತ್ತುವ ಹುಡುಗರನ್ನೂ ಮನೆಗೆ ಕಳಿಸಿದೆ. ಇನ್ನು ಮೇಲೆ ನೀನು ನೋಡದಿದ್ದರೆ ಯಾರೂ ನೋಡುವುದಿಲ್ಲ."

ಅವರು ನಕ್ಕರು. ಶೇಖಪ್ಪನೂ ನಗಲು ನೋಡಿದ. ಯಾರೂ ನೋಡುವುದಿಲ್ಲ. ಹಾಗಾದರೆ ಯಾರಿಗೂ ಗೊತ್ತಾಗುವುದೂ ಇಲ್ಲ. ಆ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೆ ತನ್ನ ಬಗ್ಗೆಯೇ ಭಯವಾಯಿತು.

ಹೊರಡುವಾಗ ಮಲ್ಲವ್ವ ಕಾರಿನವರೆಗೆ ಓಡಿ ಬಂದಳು. ಕೈಯಲ್ಲಿ ಮೊಸರಿನ ಡಬ್ಬಿ, ಅದರಲ್ಲಿ ಗೇಣುದ್ದದ ಕರಿಬೇವು.

"ಫಾರ್ ಯುವರ್ ಮಿಸೆಸ್," ಎಂದಳು, ರೂಢಿ ಮಾಡಿಕೊಂಡಿದ್ದ ಇಂಗ್ಲಿಷಿನಲ್ಲಿ.

"ಎಂಥ ಪರಿಮಳ! ನಮ್ಮ ನಿಂಬೆಗಿಡಗಳ ಪಕ್ಕದಲ್ಲೇ ನೆಡುತ್ತೇನೆ." ಹ್ಯಾರಿಸ್ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದರು.

ಶೇಖಪ್ಪ ಅದನ್ನು ಅವರ ಕೈಯಿಂದ ಕಿತ್ತುಕೊಂಡ.

"ಅಯ್ಯ, ಇದೇನ್ರೀ! ಕೊಟ್ಟದ್ದನ್ನ ಕಸೀತಾರೇನ?"

"ಕಾರು ಹತ್ತಬೇಡಿ ಸಾರ್," ಎಂದ. ಒಂದು ಎಲೆಯನ್ನು ತಿರುವಿ ಹಿಡಿದ. "ಮೊದಲು ಕನ್ನಡಕ ಹಾಕಿಕೊಂಡು ಈ ಎಲೆ ನೋಡಿ. ಗಿಡ ನಮ್ಮೂರಿನದು. ನಾವೇ ತಂದದ್ದು."

ಹ್ಯಾರಿಸ್ ಜೇಬಿಗೆ ಕೈ ಹಾಕಿದರು. ಮುಖದ ಮೇಲೆ ನಗು ಇನ್ನೂ ಉಳಿದಿತ್ತು. ಅವರು ಕನ್ನಡಕ ಬಿಡಿಸುವಷ್ಟರಲ್ಲಿ ಎಲೆಯಿಂದ ಏನೋ ಚಿಮ್ಮಿ, ಅವರ ಬಿಳಿ ತೋಳಿನ ಮೇಲೆ ತಲೆ ತಗ್ಗಿಸಿ ಕೂತಿತು.