ಭಾಲ್ಕಿ ಗಿರಣಿಗೆ ಲಂಡನ್ ರಜೆ

ಮುಸರ್ರತ ಮೇಡಂ ಮುಂಬೈಯೊಳಗೆ ಹದಿನಾಲ್ಕು ವರ್ಷ ಡೆರಿವೇಟಿವ್ ಕರಾರು ಬರೆದವರು. ಅಂದರೆ, ನಾಳೆ ಬಡ್ಡಿಯೋ ಡಾಲರೋ ಏರಿದರೆ ಯಾರು ಯಾರಿಗೆ ಎಷ್ಟು ಕೊಡಬೇಕೆಂದು ಇವತ್ತೇ ಬರೆದಿಡುವುದು. ಈಗ ಬೀದರಿನ ಚೌಬಾರಾ ಗೋಪುರದ ಹತ್ತಿರ ಅವರ ಆಫೀಸು. ಅವರ ಕೈಕೆಳಗಿನ ವಕೀಲೆ ನಾನೊಬ್ಬಳೇ; ದಿನಾ ಔರಾದದಿಂದ ಬಸ್ಸಿಗೆ ಬರುತ್ತೇನೆ. ಮೇಡಂ ಯಾವ ಕರಾರನ್ನೂ ಹೊಸದಾಗಿ ಬರೆಯುವುದಿಲ್ಲ. ಮುಂಬೈಯ ಹಳೆಯದೊಂದನ್ನು ತೆಗೆದು, ಬೇಡದ್ದನ್ನು ಅಳಿಸುತ್ತಾರೆ.

ಭಾಲ್ಕಿಯ ದತ್ತಾತ್ರಿಯವರ ತೊಗರಿಬೇಳೆ ಗಿರಣಿಯ ಸಾಲಕ್ಕೆ ಹೊಸ ಕಂತು ಗೊತ್ತುಮಾಡಿದ ಕರಾರೂ ಹಾಗೇ ಹುಟ್ಟಿತು; ಮೇಡಂ ದತ್ತಾತ್ರಿಯವರ ವಕೀಲರು. ಒಂದು ಕಂತು ತಪ್ಪಿದರೂ ಸಾಲ ಕೊಟ್ಟ ಫೈನಾನ್ಸ್ ಕಂಪನಿ ಗಿರಣಿಗೆ ಬೀಗ ಹಾಕಬಹುದಿತ್ತು. ಮೊದಲ ಕಂತು ಡಿಸೆಂಬರ್ ಇಪ್ಪತ್ತಾರು, ಶುಕ್ರವಾರ. ಬೇಳೆ ಕೊಂಡವರಿಂದ ಹಣ ಬಂದದ್ದು, ದತ್ತಾತ್ರಿಯವರು ಕಂತು ಕಟ್ಟಿದ್ದು ಸೋಮವಾರ ಬೆಳಿಗ್ಗೆ. ಮಧ್ಯಾಹ್ನ ಕಂಪನಿಯ ಸುಶೀಲಕುಮಾರ ನೋಟಿಸು ಹಿಡಿದು ಆಫೀಸಿಗೇ ಬಂದರು.

“ಮೂರು ದಿನಕ್ಕ ಯಾರರ ಮಿಲ್ಲು ಮುಚ್ತಾರೇನ್ರಿ?” ಎಂದರು ಅಲ್ಲೇ ಕೂತಿದ್ದ ದತ್ತಾತ್ರಿ.

“ಕಾಗದ ಹಂಗ ಹೇಳ್ತದ್ರಿ ಕಾಕಾ. ನಾ ಏನ್ ಮಾಡ್ಲಿ?”

ನಾನು ಮೂವತ್ತೊಂದನೇ ಪುಟ ತೆರೆದು ಮೇಡಂ ಮುಂದೆ ಸರಿಸಿದೆ. ಮಾತಾಡಲಿಲ್ಲ. ಕಂತಿನ ದಿನ ಮುಂಬೈಯಲ್ಲಾಗಲಿ ಲಂಡನ್ನಿನಲ್ಲಾಗಲಿ ಬ್ಯಾಂಕಿಗೆ ರಜೆಯಿದ್ದರೆ, ಎರಡೂ ಕಡೆ ಬ್ಯಾಂಕು ತೆರೆಯುವ ಮುಂದಿನ ದಿನ ಕಟ್ಟಿದರೆ ಸಾಕು ಎಂದಿತ್ತು. ಲಂಡನ್ನಿನಲ್ಲಿ ಕ್ರಿಸ್‌ಮಸ್ಸಿನ ಮರುದಿನವೂ ರಜೆ. ಆಮೇಲೆ ಬ್ಯಾಂಕು ತೆರೆಯದ ನಾಲ್ಕನೇ ಶನಿವಾರ, ಭಾನುವಾರ; ಕಟ್ಟುವ ದಿನ ಸೋಮವಾರವೇ.

ಮೇಡಂ ಎರಡು ಸಲ ಓದಿದರು. ಪುಟವನ್ನು ಸುಶೀಲಕುಮಾರರ ಕಡೆ ತಿರುಗಿಸಿದರು.

“ಲಂಡನ್ನಿಗೂ ಭಾಲ್ಕಿ ಬ್ಯಾಳಿಗೂ ಏನ್ ಸಂಬಂಧ್ರಿ ಮೇಡಂ?” ಅವರು ನಕ್ಕರು. “ಇದನ್ನ ಅಳಸೋದು ಮರ್ತೀರಿ, ಹೌದಲ್ರಿ?”

ಬೇಕೆಂದೇ ಬರೆದೆ ಎಂದು ಮೇಡಂ ಹೇಳಬಹುದಿತ್ತು. ಯಾರೂ ಪ್ರಶ್ನಿಸುತ್ತಿರಲಿಲ್ಲ.

“ಹೌದ್ರಿ, ಮರ್ತೀನಿ,” ಎಂದರು ಮೇಡಂ. “ತಪ್ಪು ನಂದು. ಸಹಿ ನಿಮ್ದು.”

ಸುಶೀಲಕುಮಾರ ಹೊರಗೆ ಹೋಗಿ ಇಪ್ಪತ್ತು ನಿಮಿಷ ಫೋನಿನಲ್ಲಿ ಮಾತಾಡಿದರು. ಒಳಗೆ ಬಂದು ನೋಟಿಸನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

“ಮುಂದಿನ ಕಂತಿಗೂ ಲಂಡನ್‌ದಾಗ ಸೂಟಿ ಅದ ಏನ್ರಿ?” ದತ್ತಾತ್ರಿ ಕೇಳಿದರು.

ಅವರಿಬ್ಬರೂ ಹೋದ ಮೇಲೆ ಮೇಡಂ ನನ್ನ ಕಡೆ ನೋಡಿದರು.

“ಇದು ಯಾವಾಗ ನೋಡ್ದಿ, ಮಹಾಮಾಯಾ?”

“ಸಹಿ ಆದ ದಿನಾನೇ ನೋಡೀನ್ರಿ.”

“ಯಾಕ ಹೇಳಲಿಲ್ಲ?”

“ನಿಮಗ ಗೊತ್ತಿರ್ತದ ಅಂದ್ಕೊಂಡೆನ್ರಿ.”

ಮೇಡಂ ಕಪಾಟಿನಲ್ಲಿದ್ದ ಉಳಿದ ಹನ್ನೊಂದು ಕರಾರನ್ನೂ ಇಳಿಸಿ ನನ್ನ ಮೇಜಿನ ಮೇಲಿಟ್ಟರು.

“ಓದು. ಏನರ ಕಂಡ್ರ ಬಾಯಿಬಿಟ್ಟು ಹೇಳು.”

ಏಳರೊಳಗೆ ಲಂಡನ್ ಇತ್ತು. ಚಿಂತಾಕಿಯ ಕೋಳಿ ಫಾರ್ಮಿನದರಲ್ಲಿ ಟೋಕಿಯೋ. ಒಟ್ಟು ಎಂಟು ಸಲ ಮಾತಾಡಿದೆ.