ಕೆಸರಿನ ದೀಪ

ತೊಟ್ಟಿಯ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಕೊಳಚೆ ತಿಂದು ಕರೆಂಟು ಕೊಡುತ್ತವೆ ಎಂದು ರುದ್ರಮುನಿ ಹೇಳಿದಾಗ ಅವನ ಹೆಂಡತಿ ಪ್ರಮೀಳಾ ನಕ್ಕಿದ್ದಳು. ಹೊನ್ನಾಳಿಯ ಊರಾಚೆ ತಾನು ಕೆಲಸ ಮಾಡುತ್ತಿದ್ದ ಕೊಳಚೆ ನೀರಿನ ಘಟಕದಲ್ಲಿ ಅವನು ಅದರಿಂದಲೇ ಒಂದು ಪುಟ್ಟ ದೀಪ ಹೊತ್ತಿಸಿ ತೋರಿಸಿದ. ಆಮೇಲೆ ಬೈಕು ಅಪಘಾತದಲ್ಲಿ ಹೋಗಿಬಿಟ್ಟ.

ದೀಪ ಇನ್ನೂ ಉರಿಯುತ್ತಿದೆ ಎಂದು ಘಟಕ ನೋಡಿಕೊಳ್ಳುವ ಪಂಚಾಕ್ಷರಪ್ಪ ಫೋನಿನಲ್ಲಿ ಹೇಳಿದ್ದರು. ಗಂಡ ಸಾಕಿದ ಜೀವಗಳಾದರೂ ಉಳಿದಿವೆಯಲ್ಲ ಎಂದು ಪ್ರಮೀಳಾ ಚನ್ನಗಿರಿಯ ತವರಿನಿಂದ ಹೊನ್ನಾಳಿ ಬಸ್ಸು ಹತ್ತಿದಳು.

ಬಂದು ನೋಡಿದರೆ ದೀಪ ಆರಿತ್ತು.

"ನಿನ್ನೆ ತನಕ ಉರೀತಿತ್ತು ತಾಯಿ, ಹೆಂಗೆ ಆರಿತೋ!" ಪಂಚಾಕ್ಷರಪ್ಪ ತಂತಿ ಅಲುಗಾಡಿಸಿದರು. "ನೀವು ಬರ್ತೀರಂತ ತೊಟ್ಟಿಗೆಲ್ಲ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಸಿದೆ. ಮೊದ್ಲು ನಾತಕ್ಕೆ ಇಲ್ಲಿ ನಿಲ್ಲಾಕೆ ಆಗ್ತಿರಲಿಲ್ಲ. ಸ್ನಾನ ಮಾಡದೆ ಸಾಹೇಬ್ರನ್ನ ಮನೆಯೊಳಗೆ ಬಿಡ್ತಿರಲಿಲ್ಲವಂತಲ್ಲ ನೀವು, ಅವ್ರೇ ಹೇಳಿ ನಗ್ತಿದ್ರು."

ಆ ಪೌಡರು ಒಂದು ಜೀವವನ್ನೂ ಉಳಿಸಿರಲಾರದೆಂದು ಪ್ರಮೀಳಾಗೆ ತಿಳಿಯಿತು.

"ವಾಸನೆ ಏನಾದ್ರೂ ಐತೇನು ತಾಯಿ?" ಅವರು ಆತಂಕದಿಂದ ಕೇಳಿದರು.

ಅವಳು ಆಳವಾಗಿ ಉಸಿರೆಳೆದುಕೊಂಡಳು. ಅವನ ಅಂಗಿಯಲ್ಲಿ ದಿನವೂ ಬರುತ್ತಿದ್ದ ವಾಸನೆ ಎಲ್ಲೂ ಇರಲಿಲ್ಲ.

"ಏನೂ ಇಲ್ಲ ಯಜಮಾನ್ರೆ," ಎಂದಳು. "ಚೆನ್ನಾಗಿ ತೊಳೆಸೀರಿ."